ಪದ ಪರಿಚಯ: ಯೋಲಿನ್ ಆಮ್

ಯೋಲಿನ್ ಆಮ್ ಮಂಗೋಲಿಯಾ ದೇಶದ ಒಂದು ಕಣಿವೆ. ಮಂಗೋಲಿಯನ್ ಭಾಷೆಯಲ್ಲಿ 'ಯೋಲ್' ಎಂದರೆ ಗಡ್ಡದ ರಣಹದ್ದು. ದೊಡ್ಡ ಮೂಳೆಗಳನ್ನು ಮೇಲಕ್ಕೊಯ್ದು, ಬಂಡೆಯ ಮೇಲೆ ಬೀಳಿಸಿ, ಒಡೆದ ಚೂರುಗಳನ್ನು ನುಂಗುವ ಹಕ್ಕಿ ಇದು. 'ಆಮ್' ಎಂದರೆ ಬಾಯಿ. ಸ್ಥಳನಾಮಗಳಲ್ಲಿ ಕಣಿವೆ ಎಂಬ ಅರ್ಥ. ನಡುವಿನ 'ಇನ್' ನಮ್ಮ 'ಊರಿನ', 'ಕಾಡಿನ' ಎಂಬಲ್ಲಿಯ 'ಇನ' ಮಾಡುವ ಕೆಲಸವನ್ನೇ ಮಾಡುತ್ತದೆ (ಹೋಲಿಕೆ ಕಾಕತಾಳೀಯ, ನಂಟು ಹುಡುಕಬೇಡಿ). ಪ್ರವಾಸಿ ಕೈಪಿಡಿಗಳ 'ಗರುಡ ಕಣಿವೆ' ತಪ್ಪು ಅನುವಾದ.

ಜಾಗ ಇರುವುದು ಗೋಬಿ ಮರುಭೂಮಿಯ ಗುರ್ವನ್ ಸೈಖನ್ ಬೆಟ್ಟಸಾಲಿನಲ್ಲಿ, ದಲನ್‌ಜದ್ಗದ್ ಪಟ್ಟಣದ ಪಶ್ಚಿಮಕ್ಕೆ. 1993ರಿಂದ ಈ ಸಾಲು ರಾಷ್ಟ್ರೀಯ ಉದ್ಯಾನ.

ಮರುಭೂಮಿಯಾದರೂ ಇಲ್ಲಿಯ ಕೊರಕಲಿನ ತಳದಲ್ಲಿ ಬೇಸಿಗೆಯಲ್ಲೂ ಮಂಜುಗಡ್ಡೆ ಕಾಣುತ್ತದೆ. ಅದನ್ನು ಹಲವರು ಹಿಮನದಿ ಎನ್ನುತ್ತಾರೆ. ಅಲ್ಲ. ಹಿಮನದಿ ಆಗುವುದು ವರ್ಷಗಟ್ಟಲೆ ಬಿದ್ದ ಹಿಮ ಒತ್ತಿ ಗಟ್ಟಿಯಾದಾಗ. ಗೋಬಿಯಲ್ಲಿ ಅಷ್ಟು ಹಿಮ ಬೀಳುವುದೇ ಇಲ್ಲ. ಇಲ್ಲಿರುವುದು ಒರತೆಯ ನೀರು. ಚಳಿಗಾಲದಲ್ಲಿ ಹಳ್ಳದ ಮೇಲ್ಪದರ ಹೆಪ್ಪುಗಟ್ಟಿದರೂ ಒರತೆ ನಿಲ್ಲುವುದಿಲ್ಲ. ಕೆಳಗಿನ ದಾರಿ ಕಟ್ಟಿಕೊಂಡ ನೀರು ಒತ್ತಡಕ್ಕೆ ಬಿರುಕಿನಿಂದ ಉಕ್ಕಿ, ಮಂಜುಗಡ್ಡೆಯ ಮೇಲೆಯೇ ಹರಡಿ ಮತ್ತೆ ಹೆಪ್ಪಾಗುತ್ತದೆ. ದೋಸೆಯ ಮೇಲೆ ದೋಸೆ ಪೇರಿಸಿದಂತೆ ಪದರ ಏರುತ್ತಾ ಹೋಗಿ, ಚಳಿಗಾಲ ಮುಗಿಯುವಷ್ಟರಲ್ಲಿ ಹಲವು ಮೀಟರ್ ದಪ್ಪವಾಗುತ್ತದೆ. ಇಂಥದ್ದಕ್ಕೆ ಭೂವಿಜ್ಞಾನದಲ್ಲಿ 'ಔಫೈಸ್' ಎಂಬ ಜರ್ಮನ್ ಹೆಸರಿದೆ: ಮೇಲೇರಿದ ಮಂಜುಗಡ್ಡೆ.

ಅದು ಬೇಸಿಗೆಗೂ ಉಳಿಯುವುದು ಕೊರಕಲಿನ ಆಕಾರದಿಂದ. ಎರಡೂ ಕಡೆಯ ಕಡಿದಾದ ಬಂಡೆಗೋಡೆಗಳು ಹತ್ತಿರ ಬಂದಿರುವಲ್ಲಿ ನೇರ ಬಿಸಿಲು ತಳ ಮುಟ್ಟುವುದೇ ಕಡಿಮೆ. ತಣ್ಣನೆಯ ಗಾಳಿ ಭಾರ, ಬಾವಿಯಲ್ಲಿ ಇಳಿದಂತೆ ಕೆಳಗೆ ಕೂರುತ್ತದೆ. ಜೊತೆಗೆ ಸುಮಾರು 2,500 ಮೀಟರ್ ಎತ್ತರ. ಹಿಂದೆ ವರ್ಷವಿಡೀ ಉಳಿಯುತ್ತಿದ್ದ ಮಂಜುಗಡ್ಡೆ ಈಗ ಬೇಸಿಗೆ ಮುಗಿಯುವ ಮೊದಲೇ ಕರಗಿಬಿಡುವುದುಂಟು. ನೋಡಲೇಬೇಕೆನ್ನುವವರು ಜೂನ್ ದಾಟಿಸದಿರುವುದು ಲೇಸು.

ಕರಗುವುದು ಮೇಲಿನಿಂದಷ್ಟೇ ಅಲ್ಲ. ಅಡಿಯಲ್ಲಿ ಹರಿಯುವ ನೀರು ಒಳಗಿಂದ ಕೊರೆದು ಕಮಾನು ಮಾಡುತ್ತದೆ. ಬಿಸಿಲುಂಡ ಬಂಡೆಗೆ ತಾಗಿದ ಅಂಚೂ ಬೇಗ ಸವೆಯುತ್ತದೆ. ಹಾಗಾಗಿ ಮೇಲ್ಭಾಗ ಬೆಳ್ಳಗೆ ಗಟ್ಟಿಯಾಗಿ ಕಂಡರೂ ನಂಬುವಂತಿಲ್ಲ. ಕೋಲಿನಿಂದ ಕುಟ್ಟಿದಾಗ ಡಬ್ಬದಂತೆ ಟೊಳ್ಳು ಸದ್ದು ಬಂದರೆ ಕೆಳಗೆ ಪೊಳ್ಳು. ಬಂಡೆಕಲ್ಲಿನ ಮೇಲೇ ನಡೆಯಿರಿ. ಕಮಾನಿನ ಕೆಳಗೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ ಬಿಡಿ, ಸೂರು ಕಳಚುವ ಮುನ್ನ ಸೂಚನೆ ಕೊಡುವುದಿಲ್ಲ.