ಸ್ವಂತ ಆಪರೇಟರ್ ಬರೆಯೋದು ಹೇಗೆ?

ಪ್ರಶ್ನೆ: ಕಲಬುರಗಿ ಗಂಜ್‌ನಲ್ಲಿ ನಮ್ಮ ಕಾಕಾನ ಅಡತಿ ಅಂಗಡಿ ಇದೆ. ಅವರಿಗಾಗಿ ತೊಗರಿ ರೇಟು ತೋರಿಸೋ ಆ್ಯಪ್ ಮಾಡುತ್ತಿದ್ದೇನೆ. ಕ್ವಿಂಟಲ್‌ಗೆ ನೂರು ರೂಪಾಯಿ ಏರಿದರೆ ಅಥವಾ ಇಳಿದರೆ ಮಾತ್ರ ಫೋನ್ ಸದ್ದು ಮಾಡಬೇಕು. ಆರ್‌ಎಕ್ಸ್‌ಜೆಎಸ್‌ನಲ್ಲಿ (ಒಂದರ ಹಿಂದೊಂದು ಬರುವ ಮಾಹಿತಿಯನ್ನ ನಿಭಾಯಿಸೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಇದಕ್ಕೆ ಆಪರೇಟರ್ ಸಿಗಲಿಲ್ಲ. ನಾನೇ ಬರೆಯಬಹುದಾ?

ಉತ್ತರ: ಬರೆಯಬಹುದು. ಆಪರೇಟರ್ ಅಂದರೆ ಒಂದು ಫಂಕ್ಷನ್, ಅಷ್ಟೇ. ಒಂದು ಅಬ್ಸರ್ವಬಲ್ (ಒಂದೊಂದಾಗಿ ಬರುತ್ತಿರುವ ಮೌಲ್ಯಗಳ ಹರಿವು) ತಗೊಂಡು ಇನ್ನೊಂದು ಅಬ್ಸರ್ವಬಲ್ ಕೊಡುತ್ತೆ. 2017ರಲ್ಲಿ 5.5 ಆವೃತ್ತಿ ಪೈಪ್ (ಆಪರೇಟರ್‌ಗಳನ್ನ ಸಾಲಾಗಿ ಜೋಡಿಸೋ ವಿಧಾನ) ತಂದ ಮೇಲೆ ನಮ್ಮದನ್ನೂ ಅದರೊಳಗೆ ಸಲೀಸಾಗಿ ಸೇರಿಸಬಹುದು.

ನೀವು ಬಹುಶಃ ಪೇರ್‌ವೈಸ್ (ಹಿಂದಿನ ಮತ್ತು ಈಗಿನ ರೇಟನ್ನ ಜೋಡಿಯಾಗಿ ಕೊಡೋ ಆಪರೇಟರ್) ಹಾಕಿ, ಅದರ ನಂತರ ಫಿಲ್ಟರ್ (ಷರತ್ತಿಗೆ ಹೊಂದಿದ್ದನ್ನ ಮಾತ್ರ ಬಿಡೋದು) ಇಟ್ಟು ನೋಡಿರುತ್ತೀರಿ. ರೇಟು 7500, 7540, 7590, 7630 ಅಂತ ಬಂತು ಅನ್ನಿ. ಪಕ್ಕಪಕ್ಕದ ಅಂತರ 40, 50, 40. ಫೋನ್ ಸುಮ್ನೆ ಕೂತಿರುತ್ತೆ, ರೇಟು ಮಾತ್ರ 130 ಏರಿರುತ್ತೆ. ಕಾಕಾ ಬೈಯದೆ ಬಿಡ್ತಾರಾ? ಹೋಲಿಸಬೇಕಾದ್ದು ಹಿಂದೆ ಬಂದ ರೇಟಿಗಲ್ಲ, ಹಿಂದೆ ತಿಳಿಸಿದ ರೇಟಿಗೆ.

ಈ ಕೆಲಸ ಡಿಸ್ಟಿಂಕ್ಟ್‌ಅಂಟಿಲ್‌ಚೇಂಜ್ಡ್ ಅನ್ನೋ ಆಪರೇಟರ್‌ಗೆ ಗೊತ್ತು. ಅದು ಪ್ರತಿ ರೇಟನ್ನೂ ತಾನು ಕೊನೆಗೆ ಮುಂದೆ ಬಿಟ್ಟ ರೇಟಿಗೇ ಹೋಲಿಸುತ್ತೆ. ‘ವ್ಯತ್ಯಾಸ 100ಕ್ಕಿಂತ ಕಡಿಮೆಯಾ?’ ಅಂತ ಕೇಳುವ ಫಂಕ್ಷನ್ ಕೊಡಿ. ಹೌದು ಅಂದರೆ ತಡೆಯುತ್ತೆ, ಇಲ್ಲ ಅಂದರೆ ಬಿಡುತ್ತೆ. ಮೊದಲು 7500, ಆಮೇಲೆ ನೇರ 7630. ಆ್ಯಪ್ ತೆರೆದ ಕೂಡಲೇ ಬರುವ ಮೊದಲ ಸದ್ದು ಬೇಡವಾದರೆ ಅದರ ನಂತರ ಒಂದು ಸ್ಕಿಪ್ (ಮೊದಲು ಬಂದ ಒಂದನ್ನ ಬಿಟ್ಟುಬಿಡೋ ಆಪರೇಟರ್) ಸೇರಿಸಿ. ಇವೆರಡನ್ನೂ ‘ಜಿಗಿತ’ ಅನ್ನೋ ಫಂಕ್ಷನ್‌ನಲ್ಲಿ ಸುತ್ತಿ, 100 ಅನ್ನೋದನ್ನ ಹೊರಗಿಂದ ಕೊಡೋ ಹಾಗೆ ಮಾಡಿ. ನಿಮ್ಮ ಆಪರೇಟರ್ ತಯಾರು. (ಹೆಸರು ಕನ್ನಡ ಲಿಪಿಯಲ್ಲೇ ಇರಲಿ, ಜಾವಾಸ್ಕ್ರಿಪ್ಟ್ ಒಪ್ಪುತ್ತೆ.)

ಇರುವ ಆಪರೇಟರ್‌ಗಳನ್ನ ಜೋಡಿಸಿ ಆಗದಿದ್ದರೆ ಮಾತ್ರ ಹೊಸ ಅಬ್ಸರ್ವಬಲ್ ಕೈಯಾರೆ ಬರೆಯಿರಿ. ಒಳಗೆ ಮೂಲ ಅಬ್ಸರ್ವಬಲ್ಲನ್ನ ಸಬ್‌ಸ್ಕ್ರೈಬ್ ಮಾಡಿ (ಅಂದರೆ ಅದರಿಂದ ಬರೋದನ್ನ ಕೇಳಿಸಿಕೊಳ್ಳೋಕೆ ಶುರು ಮಾಡಿ), ನೆಕ್ಸ್ಟ್ (ಹೊಸ ಮೌಲ್ಯ) ಜೊತೆ ಎರರ್ (ತಪ್ಪಾಯಿತು), ಕಂಪ್ಲೀಟ್ (ಮುಗಿಯಿತು) ಎರಡನ್ನೂ ಮುಂದೆ ದಾಟಿಸಿ. ನಾನು ಎಡವಿದ್ದು ಬೇರೆ ಕಡೆ. ‘ಕೊನೆಯ ರೇಟು’ ಅನ್ನೋ ವೇರಿಯಬಲ್ಲನ್ನ ಅಬ್ಸರ್ವಬಲ್‌ನ ಹೊರಗೆ ಇಟ್ಟಿದ್ದೆ. ಒಂದೇ ಸ್ಟ್ರೀಮನ್ನ ಎರಡು ಪರದೆ ಕೇಳುತ್ತಿದ್ದವು. ಮೊದಲನೆಯದು ರೇಟು ಬರೆದುಕೊಂಡ ತಕ್ಷಣ ಎರಡನೆಯದಕ್ಕೆ ವ್ಯತ್ಯಾಸ ಸೊನ್ನೆ, ಹಾಗಾಗಿ ಅದು ಸದ್ದೇ ಮಾಡಲಿಲ್ಲ. ಅರ್ಧ ದಿನ ನೋಟಿಫಿಕೇಶನ್ ಸೆಟ್ಟಿಂಗ್ ತಿರುವಿ ಹಾಕಿದೆ! ಆ ವೇರಿಯಬಲ್ ಅಬ್ಸರ್ವಬಲ್‌ನ ಒಳಗೇ ಹುಟ್ಟಬೇಕು, ಆಗ ಪ್ರತಿ ಸಬ್‌ಸ್ಕ್ರಿಪ್ಶನ್‌ಗೂ ತನ್ನದೇ ಲೆಕ್ಕ ಇರುತ್ತೆ. ಒಳಗಿನ ಸಬ್‌ಸ್ಕ್ರಿಪ್ಶನ್ನನ್ನ ರಿಟರ್ನ್ ಮಾಡೋದು ಮರೆತರೆ, ಕಾಕಾ ಪರದೆ ಮುಚ್ಚಿದ ಮೇಲೂ ಹಿಂದೆ ರೇಟು ಬರುತ್ತಲೇ ಇರುತ್ತೆ.