ಹೆಸರನ್ನು ಬಿಡಿ, ಮದುವೆಯನ್ನು ಹಿಡಿಯಿರಿ

ಕೆನಡಾದ ಫ್ರೆಂಚ್ ಭಾಷಿಕ ಪ್ರಾಂತ್ಯವಾದ ಕ್ವಿಬೆಕ್ ಮೂಲದ ಕುಟುಂಬಗಳ ವಂಶಾವಳಿ ಹುಡುಕಿಕೊಡುವುದು ನನ್ನ ವೃತ್ತಿ. ನನ್ನ ಬಳಿ ಬರುವವರಲ್ಲಿ ಬಹುಪಾಲು ಅಮೆರಿಕದವರು. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಗಡಿ ದಾಟಿದರು. ನ್ಯೂ ಇಂಗ್ಲೆಂಡಿನ ಬಟ್ಟೆ ಗಿರಣಿಗಳು ಅವರಲ್ಲಿ ಅನೇಕರಿಗೆ ಕೆಲಸ ಕೊಟ್ಟವು. ಅಲ್ಲಿ ಫ್ರೆಂಚ್ ಹೆಸರುಗಳು ಇಂಗ್ಲಿಷಿಗೆ ತಿರುಗಿದವು: ರುವಾ ಮನೆತನದವರು ಕಿಂಗ್ ಆದರು, ಬುವಾವೆರ್‌ಗಳು ಗ್ರೀನ್‌ವುಡ್ ಆದರು. ಈಗ ಅವರ ಮರಿಮಕ್ಕಳು ಗ್ರೀನ್‌ವುಡ್ ಎಂಬ ಹೆಸರನ್ನೇ ನೆಚ್ಚಿಕೊಂಡು ಹಳೆಯ ಚರ್ಚ್ ದಾಖಲೆಗಳನ್ನು ತಡಕಾಡಿ ಸೋಲುತ್ತಾರೆ.

ಬುವಾವೆರ್ ಎಂಬುದು ಗೊತ್ತಾದರೂ ಗಂಟು ಬಿಚ್ಚಿಕೊಳ್ಳುವುದಿಲ್ಲ. ಕ್ವಿಬೆಕ್ ‘ನ್ಯೂ ಫ್ರಾನ್ಸ್’ ಎಂಬ ಫ್ರೆಂಚ್ ವಸಾಹತಿನ ಭಾಗವಾಗಿದ್ದ ಕಾಲದಲ್ಲಿ ಒಂದೇ ಮನೆತನಕ್ಕೆ ಎರಡು ಹೆಸರು ಸಾಮಾನ್ಯವಾಗಿತ್ತು. ನಡುವೆ ‘ದಿ’ ಎಂಬ ಪದ, ಅಂದರೆ ‘ಎಂದು ಕರೆಯಲ್ಪಡುವ’. ಉತ್ತರ ಕರ್ನಾಟಕದ ಅಡ್ಡಹೆಸರುಗಳನ್ನು ಬಲ್ಲವರಿಗೆ ಇದರ ಜಾಡು ಬೇಗ ಸಿಗುತ್ತದೆ. ಈ ಎರಡನೇ ಹೆಸರು ಊರು, ಹೊಲ, ತಾಯಿಯ ಮನೆತನ, ಮೈಕಟ್ಟು, ಯಾವುದರಿಂದಲಾದರೂ ಬರಬಹುದು. ಸೈನಿಕರಿಗಂತೂ ಪಡೆಯಲ್ಲಿಯೇ ಒಂದು ಹೆಸರು ಅಂಟುತ್ತಿತ್ತು: ಲಾಫ್ಲರ್, ಸಾನ್‌ಸೂಸಿ, ಜೋಲಿಕರ್. 1665ರಲ್ಲಿ ಬಂದಿಳಿದ ಫ್ರೆಂಚ್ ಸೇನೆಯ ಕ್ಯಾರಿನ್ಯಾನ್-ಸಾಲಿಯೆರ್ ರೆಜಿಮೆಂಟಿನ ಸುಮಾರು 400 ಮಂದಿ ಅಲ್ಲಿಯೇ ನೆಲೆ ನಿಂತಾಗ ಇಂಥ ಹೆಸರುಗಳೂ ನೆಲೆ ನಿಂತವು. ಪಿಯೆರ್ ಹ್ಯುಡೋನ್ ದಿ ಬೋಲ್ಯು ಎಂಬಾತನ ಸಂತತಿಯಲ್ಲಿ ಇಂದು ಹ್ಯುಡೋನ್‌ಗಳೂ ಇದ್ದಾರೆ, ಬೋಲ್ಯುಗಳೂ ಇದ್ದಾರೆ. ಒಬ್ಬನೇ ಮನುಷ್ಯ ದೀಕ್ಷಾಸ್ನಾನದ ದಾಖಲೆಯಲ್ಲಿ ಒಂದು ಹೆಸರಿನವನು, ಸಾವಿನ ದಾಖಲೆಯಲ್ಲಿ ಇನ್ನೊಂದರವನು ಆಗಿರಬಹುದು.

ಮೊದಲ ಹೆಸರಾದರೂ ಕೈಹಿಡಿಯುತ್ತದೆಯೇ? ಅದೂ ಇಲ್ಲ. ಹುಡುಗಿಯರ ಹೆಸರಿನ ಮುಂದೆ ‘ಮಾರಿ’ (ಮೇರಿ), ಹುಡುಗರ ಹೆಸರಿನ ಮುಂದೆ ‘ಜೋಸೆಫ್’ ಸೇರಿಸುವ ರೂಢಿ ಬರಬರುತ್ತ ಬಲವಾಯಿತು. ದಿನನಿತ್ಯ ಕರೆಯುವ ಹೆಸರು ಬೇರೆಯೇ ಇರುತ್ತಿತ್ತು. ಕೂಸು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದೂ ಇತ್ತು. ಅಂತರ್ಜಾಲದ ವಂಶವೃಕ್ಷಗಳಲ್ಲಿ ಸತ್ತ ಮಗುವಿಗೆ ಮದುವೆ ಮಾಡಿಸಿ ಹತ್ತು ಮಕ್ಕಳನ್ನು ಹುಟ್ಟಿಸಿರುವುದನ್ನು ನೋಡುವಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಹೆಸರುಗಳ ಈ ಗೋಜಲಿನಲ್ಲಿ ನನ್ನನ್ನು ಕಾಪಾಡುವವರು ಹೆಂಗಸರು. ನ್ಯೂ ಫ್ರಾನ್ಸಿನ ದಾಖಲೆಗಳಲ್ಲಿ ಮದುವೆಯಾದ ಹೆಣ್ಣು ಸಾಯುವ ತನಕ ತವರಿನ ಹೆಸರಿನಲ್ಲಿಯೇ ಇರುತ್ತಾಳೆ. ಮದುವೆಯ ದಾಖಲೆಯಲ್ಲಿ ಸಾಮಾನ್ಯವಾಗಿ ವಧು-ವರ ಇಬ್ಬರ ತಂದೆ-ತಾಯಿಯರೂ ಇರುತ್ತಾರೆ, ತಾಯಂದಿರ ತವರಿನ ಹೆಸರಿನ ಸಮೇತ. ಆದ್ದರಿಂದ ನಾನು ಗಂಡ-ಹೆಂಡತಿಯನ್ನು ಜೋಡಿಯಾಗಿ ಹುಡುಕುತ್ತೇನೆ. ಗಂಡನ ಹೆಸರು ಎಷ್ಟೇ ಬಣ್ಣ ಬದಲಿಸಲಿ, ಪಕ್ಕದಲ್ಲಿರುವ ಹೆಂಡತಿ ಅವನ ಗುರುತು ಹೇಳುತ್ತಾಳೆ. ಒಂದು ಮದುವೆಯಿಂದ ಹಿಂದಿನ ಎರಡು ಮದುವೆ, ಅವುಗಳಿಂದ ನಾಲ್ಕು. ಹೀಗೆ ಹಿಂದೆ ಸರಿಯುತ್ತ ಹೋದರೆ ಬಹಳ ಕುಟುಂಬಗಳಲ್ಲಿ 1663ರಿಂದ 1673ರ ನಡುವೆ ರಾಜನ ಖರ್ಚಿನಲ್ಲಿ ಫ್ರಾನ್ಸಿನಿಂದ ಬಂದ ಸುಮಾರು 770 ಯುವತಿಯರಲ್ಲಿ ಒಬ್ಬಳಾದರೂ ಎದುರಾಗುತ್ತಾಳೆ.

ಪುಟ ಹರಿದಿದ್ದರೆ? 1667ರ ರಾಜಾಜ್ಞೆಯಂತೆ ದಾಖಲೆ ಪುಸ್ತಕಗಳಿಗೆ ಎರಡು ಪ್ರತಿ ಇರಬೇಕಿತ್ತು, ಒಂದು ಧರ್ಮಕೇಂದ್ರಕ್ಕೆ, ಒಂದು ನ್ಯಾಯಾಲಯಕ್ಕೆ. ಒಂದು ಸುಟ್ಟುಹೋದರೂ ಇನ್ನೊಂದು ಉಳಿದಿರುವ ಸಾಧ್ಯತೆ ಉಂಟು. ಚಿಕ್ಕ ವಸಾಹತಿನಲ್ಲಿ ದೂರದ ನೆಂಟರ ನಡುವೆ ಮದುವೆ ತಪ್ಪುತ್ತಿರಲಿಲ್ಲ. ಅದಕ್ಕೆ ಚರ್ಚಿನ ವಿನಾಯಿತಿ ಬೇಕಿತ್ತು. ದಾಖಲೆಯಲ್ಲಿ ‘ನಾಲ್ಕನೇ ದರ್ಜೆಯ ರಕ್ತಸಂಬಂಧ’ ಎಂದು ಪಾದ್ರಿ ಬರೆದಿದ್ದರೆ ವಧು-ವರರಿಬ್ಬರ ಮುತ್ತಜ್ಜ-ಮುತ್ತಜ್ಜಿಯರ ಹಿಂದಿನ ತಲೆಮಾರಿನಲ್ಲಿ ಒಂದು ಜೋಡಿ ಒಂದೇ ಎಂದರ್ಥ. ನಾವು ಕಟ್ಟಿದ ಎರಡು ಕವಲುಗಳು ಅಲ್ಲಿ ಕೂಡದಿದ್ದರೆ ಎಲ್ಲೋ ತಪ್ಪಿದೆ.

ನೋಟರಿಯ ಬಳಿಯ ವಿವಾಹ ಒಪ್ಪಂದಗಳೂ ಬಹಳ ಉಪಯುಕ್ತ. ಆದರೆ ಅದರ ಮೇಲಿನ ತಾರೀಖನ್ನು ಮದುವೆಯ ದಿನವೆಂದು ಬರೆದುಕೊಳ್ಳಬೇಡಿ. ಒಪ್ಪಂದ ಸಾಮಾನ್ಯವಾಗಿ ಮದುವೆಗೆ ಮೊದಲೇ ಆಗುತ್ತಿತ್ತು, ಕೆಲವು ರದ್ದಾದದ್ದೂ ಉಂಟು.