ಗ್ರಾಫಿಕ್ಸ್ ಕಲಿಯಲು ಸಿ++ ಬರಲೇಬೇಕಾ?

ಕೋಡ್ ಬರೆದು ಚಿತ್ರ ಮೂಡಿಸುವ ಗ್ರಾಫಿಕ್ಸ್ ಪ್ರೋಗ್ರಾಮಿಂಗ್‌ಗೆ ಬರುವ ಹೊಸಬರು ಕೇಳುವ ಮೊದಲ ಪ್ರಶ್ನೆ ಇದೇ. ಬೇಡ ಅನ್ನುವುದೇ ನನ್ನ ಉತ್ತರ. ಈಗ ಯಾವ ಪ್ರೋಗ್ರಾಮಿಂಗ್ ಭಾಷೆ ಬರುತ್ತದೋ ಅದರಲ್ಲೇ ಶುರು ಮಾಡಿ.

ಪಿಪಿಎಂ ಅನ್ನುವ ಹಳೇ ಇಮೇಜ್ ಫಾರ್ಮ್ಯಾಟ್ ಇದೆ. ಬರೀ ಟೆಕ್ಸ್ಟ್ ಫೈಲ್. ಮೊದಲು ಪಿ3 (P3) ಎಂದು ಬರೆಯಬೇಕು, ಆಮೇಲೆ ಅಗಲ, ಎತ್ತರ, ಬಣ್ಣದ ಗರಿಷ್ಠ ಅಂಕಿ 255. ನಂತರ ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗೆ ಮೂರು ಅಂಕಿ. ಪೈಥಾನ್‌ನಲ್ಲಿ ಎರಡು ಲೂಪ್ ಹಾಕಿ, ಪ್ರತಿ ಪಿಕ್ಸೆಲ್ ನಡುಬಿಂದುವಿನಿಂದ ಎಷ್ಟು ದೂರ ಅಂತ ಲೆಕ್ಕ ಹಾಕಿ. 100ಕ್ಕಿಂತ ಕಡಿಮೆ ಇದ್ದರೆ ಹಳದಿ, ಇಲ್ಲದಿದ್ದರೆ ಕಪ್ಪು. ವೃತ್ತ ಬಂತು! ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ, ಅಲ್ವಾ? ಅದನ್ನು ನಯ ಮಾಡಲು ಹೊರಟರೆ ಆಂಟಿ ಏಲಿಯಾಸಿಂಗ್ ಪಾಠಕ್ಕೆ ಕಾಲಿಟ್ಟಂತೆಯೇ.

ಆದರೆ ಆ ವೃತ್ತ ಓಡಾಡಬೇಕು ಅಂದರೆ ಪೈಥಾನ್ ಲೂಪ್ ಏದುಸಿರು ಬಿಡುತ್ತದೆ. 1920×1080 ಪರದೆಯಲ್ಲಿ 20 ಲಕ್ಷಕ್ಕೂ ಜಾಸ್ತಿ ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್ ಅಂದರೆ 12 ಕೋಟಿ ದಾಟಿತು. ಅದಕ್ಕೇ ಬೇಕು ರಾಶಿ ಲೆಕ್ಕ ಒಟ್ಟಿಗೇ ಮಾಡುವ ಗ್ರಾಫಿಕ್ಸ್ ಚಿಪ್ ಜಿಪಿಯು, ಅದರಲ್ಲಿ ಓಡುವ ಪುಟ್ಟ ಪ್ರೋಗ್ರಾಂ ಶೇಡರ್.

ಅದೇ ವೃತ್ತವನ್ನು ಶೇಡರ್ ಬರೆಯುವ ಭಾಷೆ ಜಿಎಲ್‌ಎಸ್‌ಎಲ್‌ನಲ್ಲಿ ಬರೆದು ನೋಡಿ. ಎರಡೂ ಲೂಪ್ ಮಾಯ. ನಿಮ್ಮ ಫಂಕ್ಷನನ್ನು ಜಿಪಿಯು ತಾನೇ ಪ್ರತಿ ಪಿಕ್ಸೆಲ್‌ಗೂ ಓಡಿಸುತ್ತದೆ. ‘ನೀನಿರುವ ಜಾಗ ಇದು, ಬಣ್ಣ ಹೇಳು’ ಅಷ್ಟೇ. ಪಕ್ಕದ ಪಿಕ್ಸೆಲ್‌ನ ಬಣ್ಣವನ್ನು ಇಣುಕಿ ನೋಡಿ ನಿರ್ಧರಿಸುವ ಹಾಗಿಲ್ಲ. ಹೀಗೆ ಯೋಚಿಸುವುದು ರೂಢಿಯಾಗುವುದೇ ನಿಜವಾದ ಕಲಿಕೆ. ನೀವು ಸಿ++ನಿಂದ ಬಂದರೂ ಜಾವಾಸ್ಕ್ರಿಪ್ಟ್‌ನಿಂದ ಬಂದರೂ ಶೇಡರ್ ಅದೇ. ಮೈಕ್ರೋಸಾಫ್ಟ್‌ನ ಗ್ರಾಫಿಕ್ಸ್ ವ್ಯವಸ್ಥೆ ಡೈರೆಕ್ಟ್‌ಎಕ್ಸ್‌ನ ಶೇಡರ್ ಭಾಷೆ ಎಚ್‌ಎಲ್‌ಎಸ್‌ಎಲ್‌ಗೆ ಹೋದರೆ ಹೆಸರಷ್ಟೇ ಬದಲು: ಮೂರು ಸಂಖ್ಯೆ ಹಿಡಿಯುವ ವೆಕ್3 ಅನ್ನುವುದು ಫ್ಲೋಟ್3 ಆಗುತ್ತದೆ, ಎರಡು ಬೆಲೆ ಬೆರೆಸುವ ಮಿಕ್ಸ್ ಅನ್ನುವುದು ಲರ್ಪ್ ಆಗುತ್ತದೆ. ಪಿಯುಸಿಯಲ್ಲಿ ಓದಿದ ವೆಕ್ಟರ್‌ಗಳ ಡಾಟ್ ಪ್ರಾಡಕ್ಟ್ ಮಾತ್ರ ಎಲ್ಲೆಡೆ ಬೇಕು. ಚಿತ್ರದಲ್ಲಿನ ವಸ್ತುವಿನ ಮೈಮೇಲೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದನ್ನು ಹೇಳುವುದೇ ಅದು.

ಹಾಗಾಗಿ ಎರಡನೇ ಹೆಜ್ಜೆಗೆ ನಾನು ಸೂಚಿಸುವುದು ಜಾವಾಸ್ಕ್ರಿಪ್ಟ್ ಮತ್ತು ಬ್ರೌಸರ್ ಒಳಗಿಂದಲೇ ಜಿಪಿಯು ಬಳಸಲು ಬಿಡುವ ವೆಬ್‌ಜಿಎಲ್. ಬ್ರೌಸರ್ ಇದ್ದರೆ ಸಾಕು, ಇನ್‌ಸ್ಟಾಲ್ ಗೋಳಿಲ್ಲ. ಸುಮ್ನೆ ಕಂಪೈಲರ್ ಜೊತೆ ಗುದ್ದಾಡಿಯೇ ಉತ್ಸಾಹ ಕಳೆದುಕೊಂಡವರು ತುಂಬಾ ಜನ.

ಉದ್ಯೋಗದ ಮಾತು ಬೇರೆ. ಗೇಮ್ ತಯಾರಿಸುವ ಅನ್‌ರಿಯಲ್ ಎಂಜಿನ್ ಒಳಗೆ ಕೈ ಹಾಕಬೇಕೆಂದರೆ, ಬೆಂಗಳೂರಿನ ಜಿಪಿಯು ಕಂಪನಿಗಳಲ್ಲಿ ಡ್ರೈವರ್ (ಜಿಪಿಯು ನಡೆಸುವ ಸಾಫ್ಟ್‌ವೇರ್) ಬರೆಯಬೇಕೆಂದರೆ ಸಿ++ ಕಲಿಯದೆ ವಿಧಿಯಿಲ್ಲ. ಆಗಲೂ ಜಿಪಿಯುಗೆ ಪ್ರತಿಯೊಂದನ್ನೂ ಬಿಡಿಸಿ ಹೇಳಬೇಕಾದ ಗ್ರಾಫಿಕ್ಸ್ ವ್ಯವಸ್ಥೆ, ಅಂದರೆ ನೇರ ವಲ್ಕನ್‌ಗೆ ಹಾರಬೇಡಿ. ಅದರಲ್ಲಿ ಒಂದು ತ್ರಿಕೋನ ಬರಿಸಲು ನೂರಾರು ಸಾಲು ಬೇಕು. ಮೊದಲು ಅದಕ್ಕಿಂತ ಹಳೆಯ, ಸುಲಭವಾದ ಓಪನ್‌ಜಿಎಲ್ ಹಿಡಿಯಿರಿ. ಮ್ಯಾಕ್ ಇದ್ದವರಿಗೆ ಮಾತ್ರ ತೊಡಕು. ಆಪಲ್ 2018ರಲ್ಲೇ ಓಪನ್‌ಜಿಎಲ್ ಕೈಬಿಡುವುದಾಗಿ ಹೇಳಿತು, ಅಲ್ಲಿ ಅದು 4.1ನೇ ಆವೃತ್ತಿಗೇ ನಿಂತಿದೆ. ಕಲಿಯಲು ಅಷ್ಟು ಸಾಕು. ಮುಂದಕ್ಕೆ ಆಪಲ್‌ನದೇ ಆದ ಮೆಟಲ್ ಕಲಿತುಕೊಳ್ಳಬೇಕು.